ನೀರುಗಂಟಿಯ ಮೆಟ್ಟಿಲು

ನಮ್ಮೂರಿನಲ್ಲಿ ಯಾರೂ ದಪ್ಪಗಾಗುವುದಿಲ್ಲ. ಹೊಟ್ಟೆ ಬಂದವರು, ಕೆನ್ನೆ ಇಳಿಬಿದ್ದವರು, ಬೆರಳಿನ ಉಂಗುರ ಬಿಚ್ಚಲಾರದವರು ಬೇಕೆಂದರೆ ನೀವು ಬೇರೆ ಊರಿಗೇ ಹೋಗಬೇಕು. ಇಲ್ಲಿ ಅರವತ್ತು ದಾಟಿದವರೂ ಮದುವೆಯಲ್ಲಿ ಹೊಲಿಸಿದ ಅಂಗಿಯನ್ನೇ ತೊಟ್ಟು ತಿರುಗುತ್ತಾರೆ, ಅದನ್ನು ಹತ್ತು ಜನರಿಗೆ ಹೇಳಿಕೊಂಡೂ ತಿರುಗುತ್ತಾರೆ. ಹಾಗಾದರೆ ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಿದರೆ, ಈ ಸಲ ಸೆಕೆ ಜಾಸ್ತಿ ಅಲ್ವಾ ಎನ್ನುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಮನೆ ಮುಂದಿನ ಮೆಟ್ಟಿಲಾಗುತ್ತದೆ.

ಪ್ರತಿಯೊಬ್ಬರಿಗೂ ಅವರವರ ಮೆಟ್ಟಿಲು. ಒಂದೇ ಬಾಗಿಲು, ಒಂದೇ ಹೊಸ್ತಿಲು, ಆದರೆ ಗಂಡನಿಗೆ ಎಂಟಿದ್ದರೆ ಹೆಂಡತಿಗೆ ಇಪ್ಪತ್ತಿರಬಹುದು, ಅತ್ತೆಗೆ ಎಷ್ಟೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅವು ಹತ್ತುವವರಿಗೆ ಮಾತ್ರ ಕಾಣುತ್ತವೆ. ಪಕ್ಕದಲ್ಲಿ ನಿಂತವರಿಗೆ ಕಾಣುವುದು ಇಷ್ಟೇ: ಒಬ್ಬ ಮನುಷ್ಯ ತನ್ನ ಮನೆಯ ಹೊಸ್ತಿಲಿಂದ ಒಂದು ಮೊಳ ದೂರದಲ್ಲಿ, ನಿಂತಲ್ಲೇ ಕಾಲೆತ್ತಿ ಕಾಲಿಡುತ್ತ ಏದುಸಿರು ಬಿಡುತ್ತಿರುತ್ತಾನೆ. ಬೇರೆಯವರ ಮನೆಗೆ ಹೋದಾಗ ಈ ಕಷ್ಟವಿಲ್ಲ. ಸ್ವಂತ ಮನೆಯಿಂದ ಹೊರಡುವಾಗಲೂ ಇಲ್ಲ, ಒಂದೇ ಹೆಜ್ಜೆಗೆ ಬೀದಿ ಸಿಗುತ್ತದೆ. ಹಿಂದಿರುಗುವಾಗ ಮಾತ್ರ ಅಷ್ಟನ್ನೂ ಹತ್ತಬೇಕು. ಮಧ್ಯದಲ್ಲಿ ಸಾಕೆಂದು ಬೀದಿಗಿಳಿದರೆ ಮತ್ತೆ ಮೊದಲಿನಿಂದ. ಜಾಣರು ಕೆಲವರು ಹಿತ್ತಿಲ ಬಾಗಿಲಿಂದ ನುಗ್ಗಲು ನೋಡಿದರು. ಮೆಟ್ಟಿಲುಗಳು ಅವರಿಗಿಂತ ಮೊದಲೇ ಅಲ್ಲಿಗೆ ಬಂದು ಕೂತಿದ್ದವು.

ದೊಡ್ಡ ಊಟಕ್ಕೆ ಮೆಟ್ಟಿಲು ಬರುವುದಿಲ್ಲ. ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಎಂಟು ಹೋಳಿಗೆ ಬಾರಿಸಿ ಬಂದರೂ ಮನೆ ಇದ್ದ ಹಾಗೇ ಇರುತ್ತದೆ. ಬರುವುದು ಚೂರಿಗೆ. ಕಾಫಿ ಸಪ್ಪೆಯಾಗುತ್ತದೆ ಎಂದು ಮುರಿದುಕೊಂಡ ಅರ್ಧ ಬಿಸ್ಕತ್ತಿಗೆ, ಡಬ್ಬಿಯ ಮುಚ್ಚಳ ಹಾಕುವ ಮೊದಲು ಬಾಯಿಗೆ ಎಸೆದುಕೊಂಡ ನಾಲ್ಕು ಕಾಳು ಖಾರಾಬೂಂದಿಗೆ, ಬಾಣಲೆಯ ತಳದಲ್ಲಿ ಅಂಟಿದ್ದನ್ನು ಸುಮ್ಮನೆ ತೊಳೆಯುವುದೇಕೆ ಎಂದು ಕೆರೆದು ತಿಂದದ್ದಕ್ಕೆ. ಎಷ್ಟು ಚೂರಿಗೆ ಒಂದು ಮೆಟ್ಟಿಲು ಎಂದು ಇಂದಿನವರೆಗೆ ಯಾರೂ ಲೆಕ್ಕ ಹಿಡಿದಿಲ್ಲ. ಒಂದು ಚೂರಿಗೆ ಏನಾಗುತ್ತೆ ಬಿಡಿ ಎಂದು ನಮ್ಮೂರವರು ಹೇಳುವುದು ಸುಳ್ಳೂ ಅಲ್ಲ. ನೂರು ಚೂರು ತಿಂದರೂ ಏನೂ ಆಗಿರುವುದಿಲ್ಲ. ನೂರಾ ಒಂದನೆಯದಕ್ಕೆ ಒಂದು ಸಂಜೆ ಮೊಣಕಾಲಿಗೆ ಹೊಸ ಕಲ್ಲು ತಾಗುತ್ತದೆ.

ಇಂಥ ಊರಿನವರು ಏನು ಮಾಡಬೇಕಿತ್ತು? ಬಾಯಿ ಕಟ್ಟಬೇಕಿತ್ತು ಎಂದು ನೀವು ಹೇಳುತ್ತೀರಿ. ನಮ್ಮ ಹಿರಿಯರು ನಿಮಗಿಂತ ನಯನಾಜೂಕಿನವರು. ಅವರು ಒಂದು ಮರ್ಯಾದೆಯನ್ನು ಕಂಡುಹಿಡಿದರು. ಮನೆಯವರು ಯಾರಾದರೂ ಹೊರಗಿನಿಂದ ಬಂದು ಬಾಗಿಲಲ್ಲಿ ಒಮ್ಮೆ ಕೆಮ್ಮಿದರೆ ಒಳಗಿದ್ದವರೆಲ್ಲ ಗೋಡೆಯ ಕಡೆಗೆ ತಿರುಗಿ ನಿಲ್ಲಬೇಕು. ಬಂದವರು ಹತ್ತಿ ಮುಗಿಸಿ, ಬೆವರು ಒರೆಸಿಕೊಂಡು, ಉಸಿರು ಸರಿಮಾಡಿಕೊಂಡು "ಬಂದೆ" ಎನ್ನುವ ತನಕ ತಿರುಗಬಾರದು. ಎಷ್ಟು ಎಂದು ಕೇಳಬಾರದು. ಈ ಮರ್ಯಾದೆ ಗೊತ್ತಿಲ್ಲದ ಸೊಸೆಯನ್ನು ತವರಿಗೆ ಕಳಿಸಿದ್ದಾರೆ. ಹೀಗಾಗಿ ನಮ್ಮೂರಲ್ಲಿ ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡಹೆಂಡಿರಿಗೂ ಒಬ್ಬರ ಮೆಟ್ಟಿಲು ಇನ್ನೊಬ್ಬರಿಗೆ ಗೊತ್ತಿಲ್ಲ. ಕೇಳದೆಯೇ ಹೇಳಿಕೊಳ್ಳುವವರು ಮಾತ್ರ ಎಲ್ಲರೂ ಹತ್ತರ ಒಳಗೇ ಇದ್ದಾರೆ.

ನಾನು ದಾಕ್ಷಾಯಿಣಿ, ಜನರ ಹತ್ತಿರ ನನ್ನದು ನಾಲ್ಕು ಎಂದು ಹೇಳುತ್ತೇನೆ. ನಿಮಗೆ ನಿಜ ಹೇಳಿದರೆ ನಷ್ಟವಿಲ್ಲ: ಮೂವತ್ತೊಂದು. ಎಲ್ಲವೂ ಸೌಟಿನ ತುದಿಯಿಂದ ಬಂದವು. ಅಡುಗೆ ಮಾಡುವವಳು ರುಚಿ ನೋಡದೆ ಬಡಿಸಲಾಗುತ್ತದೆಯೇ? ನೋಡಿದೆ, ಇನ್ನೊಮ್ಮೆ ನೋಡಿದೆ, ಸಂಶಯ ಪರಿಹಾರಕ್ಕೆ ಮೂರನೆಯ ಸಲವೂ ನೋಡಿದೆ.

ನನ್ನ ಗಂಡ ಪುಟ್ಟವೀರಯ್ಯ ಊರಿನ ನೀರುಗಂಟಿ. ಬೆಳಗಾದರೆ ಹೆಗಲ ಮೇಲೆ ಕಬ್ಬಿಣದ ಉದ್ದನೆಯ ಕೀಲಿ ಹೊತ್ತುಕೊಂಡು ಬೀದಿ ಬೀದಿಗೆ ಹೋಗಿ, ನೆಲದೊಳಗಿನ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವ ಕೆಲಸ. ಒಟ್ಟು ಹದಿನಾಲ್ಕು ವಾಲ್ವ್. "ನಾನು ದಿನಾ ಎಷ್ಟು ನಡೀತೀನಿ ಗೊತ್ತೇನೇ? ನನಗೆಲ್ಲಿಂದ ಬರ್ಬೇಕು ಮೆಟ್ಲು? ಒಂಬತ್ತಿರಬೇಕು ಅಷ್ಟೆ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಾನು ನಂಬಿದ್ದೆ. ನಂಬಿ, ಊಟ ಮುಗಿದ ಮೇಲೆ ಅವರ ಅಂಗೈಗೆ ಅಚ್ಚುಬೆಲ್ಲದ ಒಂದು ತುಂಡು ಇಟ್ಟು ಅದರ ಮೇಲೆ ತುಪ್ಪ ತೊಟ್ಟಿಕ್ಕುತ್ತಿದ್ದೆ. ಮದುವೆಯಾದ ವಾರದಲ್ಲಿ ಶುರುಮಾಡಿದ್ದು, ಮೂವತ್ತನಾಲ್ಕು ವರ್ಷ ಒಂದು ದಿನ ತಪ್ಪಿಸಿದವಳಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಬೆಲ್ಲ ಬಿಟ್ಟಿರಲಿಲ್ಲ. ಪ್ರೀತಿ ಎಂದರೆ ಏನು ಎಂದು ಯಾರಾದರೂ ಕೇಳಿದ್ದರೆ ಬೆಲ್ಲದ ಡಬ್ಬಿ ತೋರಿಸುತ್ತಿದ್ದೆ.

ಅವರು ಸಂಜೆ ಬಂದು ಕೆಮ್ಮಿದಾಗ ನಾನು ಬೆನ್ನು ತಿರುಗಿಸಿ ಕೂತು ಹೂ ಕಟ್ಟುತ್ತಿದ್ದೆ. ಹೊಸದರಲ್ಲಿ ಎರಡು ಹೂ ಕಟ್ಟುವುದರೊಳಗೆ "ಬಂದೆ" ಎನ್ನುತ್ತಿದ್ದರು. ಮಗಳು ಹೇಮಾ ಶಾಲೆಗೆ ಹೋಗುವ ಹೊತ್ತಿಗೆ ಒಂದು ಗೇಣು ಮಾಲೆ ಆಗುತ್ತಿತ್ತು. ಅವಳ ಮದುವೆಯ ಹೊತ್ತಿಗೆ ಒಂದು ಮೊಳ, ಆಮೇಲೆ ಒಂದೂವರೆ. ಇದರಿಂದ ನಾನು ತಿಳಿದುಕೊಂಡದ್ದೇನು? ನನ್ನ ಕೈ ಎಷ್ಟು ಚುರುಕಾಗಿದೆ ಎಂದು. ಪಕ್ಕದ ಮನೆಯ ಅಂಬುಜಕ್ಕನ ಹತ್ತಿರ ಜಂಬ ಕೊಚ್ಚಿಕೊಂಡದ್ದೂ ಇದೆ. ಅಂಬುಜಕ್ಕ ಒಳ್ಳೆಯವರು. "ನಿನ್ನ ಕೈ ಬಿಡು ದಾಕ್ಷಾಯಿಣಿ, ಮೆಷಿನ್ನು," ಎಂದಿದ್ದರು.

ಹೇಮಾ ಚೊಚ್ಚಲ ಬಸುರಿಯಾಗಿ ಬಾಣಂತನಕ್ಕೆ ಮನೆಗೆ ಬರುವವಳಿದ್ದಳು. ಬಿಸಿನೀರಿಗೆ ಬೇಕೆಂದು ದೊಡ್ಡದೊಂದು ಸ್ಟೀಲ್ ಕೊಳಗ ತಂದು ನಡುಮನೆಯ ಗೋಡೆಗೆ ಒರಗಿಸಿಟ್ಟಿದ್ದೆ. ಅಂದು ಸಂಜೆ ಅವರು ಕೆಮ್ಮಿದರು. ನಾನು ಮರ್ಯಾದಸ್ಥಳಾಗಿ ಗೋಡೆಯ ಕಡೆ ತಿರುಗಿದೆ. ಹೊಸ ಕೊಳಗದ ಹೊಟ್ಟೆಯಲ್ಲಿ ಬಾಗಿಲು ಕಾಣಿಸುತ್ತಿತ್ತು, ಬಾಗಿಲಲ್ಲಿ ನನ್ನ ಗಂಡ. ಕಣ್ಣು ಮುಚ್ಚಿಕೊಳ್ಳಬೇಕಿತ್ತು. ಮುಚ್ಚಲಿಲ್ಲ. ಒಂಬತ್ತು ತಾನೇ, ಎಣಿಸಿಯೇ ಬಿಡೋಣ ಎನ್ನಿಸಿತು.

ಒಂಬತ್ತಾಯಿತು, ಹತ್ತೊಂಬತ್ತಾಯಿತು. ಇಪ್ಪತ್ತೈದಕ್ಕೆ ಬಾಗಿಲ ಚೌಕಟ್ಟಿನ ಕಡೆಗೆ ಕೈ ಚಾಚಿದರು, ಕೈಗೆ ಎಟುಕಲಿಲ್ಲ. ನಲವತ್ತಕ್ಕೆ ಕೀಲಿಯನ್ನು ಕೆಳಗಿಟ್ಟರು. ಅರವತ್ತಕ್ಕೆ ಮೊಣಕಾಲು ಹಿಡಿದು ಕೂತೇ ಬಿಟ್ಟರು. ಎದೆ ಒತ್ತಿಕೊಂಡರು. ನನ್ನ ಕೈಯಲ್ಲಿದ್ದ ದಾರ ಗಂಟುಗಂಟಾಯಿತು. ಓಡಿಹೋಗಬೇಕು ಎನ್ನುವಷ್ಟರಲ್ಲಿ ಅವರು ಅಂಗಿಯ ಜೇಬಿಗೆ ಕೈ ಹಾಕಿ ಕೊಬ್ಬರಿ ಮಿಠಾಯಿಯ ಒಂದು ತುಂಡು ತೆಗೆದರು. ಅರವತ್ತು ಮೆಟ್ಟಿಲು ಹತ್ತಿದ ದಣಿವಿಗೆ ಅಷ್ಟೂ ಬೇಡವೇ? ತಿಂದು, ಬೆರಳು ನೆಕ್ಕಿಕೊಂಡು, ಮತ್ತೆ ಎದ್ದರು. ತೊಂಬತ್ತಮೂರನೆಯದಕ್ಕೆ ಹೊಸ್ತಿಲು ದಾಟಿ, ಮುಖ ಒರೆಸಿಕೊಂಡು, ಮೀಸೆ ತೀಡಿಕೊಂಡು, ಪೇಟೆಯಿಂದ ಈಗ ತಾನೇ ಹಾರಿ ಬಂದವರ ದನಿಯಲ್ಲಿ "ಬಂದೆ ಕಣೇ" ಎಂದರು.

"ಎಷ್ಟು?" ಎಂದು ಕೇಳಿದೆ. ಜೀವನದಲ್ಲಿ ಮೊದಲ ಸಲ ಕೇಳಿದ್ದು.

ನಡುಬೀದಿಯಲ್ಲಿ ಪಂಚೆ ಎಳೆದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಏನೇ ಇದು, ಹೆಂಗಸಾಗಿ ಕೇಳೋ ಮಾತಾ ಇದು? ಒಂಬತ್ತು. ಇರಲಿ ಹನ್ನೆರಡು ಅಂದ್ಕೋ."

"ತೊಂಬತ್ತಮೂರು. ಕೊಳಗದಲ್ಲಿ ನೋಡ್ದೆ."

ಅವರು ಕೊಳಗವನ್ನು ನೋಡಿದರು, ನನ್ನನ್ನು ನೋಡಿದರು. ಅದನ್ನು ಅಲ್ಲಿ ಇಟ್ಟವರು ಯಾರು ಎಂದು ರೇಗಿದರು. ಆಮೇಲೆ ಗೋಡೆಗೆ ಒರಗಿ ಕೂತು, ನನ್ನ ಮುಖ ನೋಡದೆ, "ಮೊನ್ನೆ ಎಪ್ಪತ್ತರ ಹತ್ರ ಕಣ್ಣು ಕತ್ತಲೆ ಬಂತು ದಾಕ್ಷಿ. ಈ ಸಲ ಮನೆ ಸಿಗಲ್ಲ ಅಂದ್ಕೊಂಡೆ," ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟನ್ನು ಆರಿಸಿಕೊಂಡೆ, ಅದು ನನಗೆ ಅಭ್ಯಾಸವಿತ್ತು.

ಮನೆ ಸಿಗದಿದ್ದರೆ ಏನು ಎಂಬುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಊರ ಕೊನೆಯಲ್ಲಿ ಹೊಸ್ತಿಲಿಲ್ಲದ ಒಂದು ಛತ್ರ ಇದೆ. ಸ್ವಂತ ಮನೆ ಹತ್ತಲಾರದವರು ಅಲ್ಲಿ ಮಲಗುತ್ತಾರೆ. ಇವತ್ತೊಂದು ರಾತ್ರಿ ಎಂದೇ ಎಲ್ಲರೂ ಹೋಗುತ್ತಾರೆ. ಮಾರನೆಯ ದಿನ ನೆಂಟರಿಷ್ಟರು ಅಯ್ಯೋ ಪಾಪ ಎಂದು ನೋಡಲು ಬರುತ್ತಾರೆ, ಬರಿಗೈಯಲ್ಲಿ ಹೇಗೆ ಬರುವುದು, ಚಕ್ಕುಲಿ ತರುತ್ತಾರೆ, ಕೋಡುಬಳೆ ತರುತ್ತಾರೆ, ಇವರಿಗೆ ಅಂತಲೇ ಮಾಡಿದೆ ಎಂದು ಸಜ್ಜಿಗೆ ತರುತ್ತಾರೆ. ಮನೆಯ ಮೆಟ್ಟಿಲುಗಳು ಅತ್ತ ಸದ್ದಿಲ್ಲದೆ ಬೆಳೆಯುತ್ತವೆ. ಛತ್ರದಿಂದ ಮನೆಗೆ ಮರಳಿದವರನ್ನು ನಾನು ಕಂಡಿಲ್ಲ. ಅಲ್ಲಿನವರು ಒಂದೇ ಒಂದು ಗುಣದಲ್ಲಿ ಊರಿನವರಿಗಿಂತ ಮೇಲು, ಅವರು ಮೆಟ್ಟಿಲಿನ ಲೆಕ್ಕ ಸುಳ್ಳು ಹೇಳುವುದಿಲ್ಲ.

ಮಾರನೆಯ ದಿನ ಡಾಕ್ಟರ್ ವೃಷಭೇಂದ್ರರ ಹತ್ತಿರ ಕರೆದುಕೊಂಡು ಹೋದೆ. ಎದೆಗೆ ಕೊಳವೆ ಇಟ್ಟು ಕೇಳಿದರು. ಕಣ್ಣ ರೆಪ್ಪೆ ಎಳೆದು ನೋಡಿದರು. "ಮೆಟ್ಲು ಇಳಿಸೋಕೆ ಮಾತ್ರೆ ಇಲ್ಲಮ್ಮ. ಚೂರು ತಿನ್ನೋದು ಬಿಟ್ರೆ ತಾನಾಗೇ ಇಳಿಯುತ್ತೆ. ಆದ್ರೆ ಹತ್ತಿದಷ್ಟು ಬೇಗ ಇಳಿಯಲ್ಲ. ನೂರು ದಾಟಿದ್ರೆ ಮಾತ್ರ ಈ ಎದೆ ತಡ್ಯಲ್ಲ," ಎಂದರು. ಹಾಗೆನ್ನುತ್ತ ಮೇಜಿನ ಖಾನೆಯಿಂದ ಒಂದು ಗೋಡಂಬಿ ತೆಗೆದು ಬಾಯಿಗೆ ಹಾಕಿಕೊಂಡರು. ಎರಡು ವರ್ಷದಿಂದ ಅವರು ದವಾಖಾನೆಯಲ್ಲೇ ಮಲಗುತ್ತಾರೆ. ರೋಗಿಗಳ ಮೇಲಿನ ಕಾಳಜಿ ಎಂದು ಊರವರು ಕಳೆದ ವರ್ಷ ಅವರಿಗೆ ಶಾಲು ಹೊದೆಸಿದರು.

ನಾನು ಬೆಲ್ಲದ ಡಬ್ಬಿಗೆ ಬೀಗ ಹಾಕಿದೆ. ಮೊದಲ ದಿನ ಊಟ ಮುಗಿಸಿ ಅವರು ಅಭ್ಯಾಸಬಲದಿಂದ ಅಂಗೈ ಚಾಚಿದರು. "ಏನಿಲ್ಲ," ಎಂದೆ. "ಏನೂ ಇಲ್ವಾ?" ಎಂದರು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಇಷ್ಟು ದುಃಖದ ಸಂಭಾಷಣೆ ನಮ್ಮ ನಡುವೆ ನಡೆದಿರಲಿಲ್ಲ. ಒಂದು ಒಪ್ಪಂದವನ್ನೂ ಮಾಡಿಕೊಂಡೆವು. ಅವರು ಬಂದಾಗ ಮರ್ಯಾದೆಗೆ ನಾನು ಬೆನ್ನು ತಿರುಗಿಸುತ್ತೇನೆ, ಆದರೆ ಒಳಗೆ ಬಂದ ಮೇಲೆ ಅಂದಿನ ಸಂಖ್ಯೆಯನ್ನು ನಿಜ ಹೇಳಬೇಕು. ನನ್ನದನ್ನೂ ಹೇಳಿದೆ. ಮೂವತ್ತೊಂದು ಎಂದು ಕೇಳಿ ಅವರಿಗಾದ ಸಂತೋಷ ನೋಡಬೇಕಿತ್ತು.

ಒಂದು ತಿಂಗಳು ಕಳೆಯಿತು. ತೊಂಬತ್ತಮೂರು ಇದ್ದದ್ದು ತೊಂಬತ್ತೈದಾಯಿತು. ಬೆಲ್ಲ ಬಿಟ್ಟರೆ ಏರುವ ಮೆಟ್ಟಿಲು ಯಾವ ಶಾಸ್ತ್ರದಲ್ಲಿದೆ ಎಂದು ನನಗೆ ಅರ್ಥವಾಗಲಿಲ್ಲ. ಒಂದು ಬೆಳಿಗ್ಗೆ ಅವರ ಹಿಂದೆಯೇ ಹೊರಟೆ. ಮೊದಲನೆಯ ಬೀದಿಯಲ್ಲಿ ಕೀಲಿ ತಿರುಗಿಸಿದರು, ನೀರು ಬಂತು, ನೀರಿನ ಜೊತೆ ಒಬ್ಬ ಹೆಂಗಸೂ ಬಂದಳು. ಕೈಯಲ್ಲಿ ತಟ್ಟೆ. "ಇನ್ನೊಂದ್ ಐದು ನಿಮಿಷ ಬಿಟ್ಟಿರಿ ನೀರುಗಂಟಿಯೋರೇ, ಹಂಡೆ ತುಂಬಿಲ್ಲ. ತಗೊಳಿ, ಒಂದೇ ಒಂದು ನಿಪ್ಪಟ್ಟು." ಎರಡನೆಯ ಬೀದಿಯಲ್ಲಿ ಒಂದೇ ಒಂದು ಕಜ್ಜಾಯ. ಮೂರನೆಯದರಲ್ಲಿ ಹಬ್ಬ ಮುಗಿದು ಎಂಟು ದಿನವಾದರೂ ಒಂದೇ ಒಂದು ಉಳಿದಿದ್ದ ಕರ್ಜಿಕಾಯಿ. ಹದಿನಾಲ್ಕು ವಾಲ್ವಿಗೆ ಹದಿನಾಲ್ಕು ಒಂದೇ ಒಂದು. ನಮ್ಮೂರಿನ ನೀರು ಸಿಹಿ ಎಂದು ಹೊರಗಿನವರು ಹೊಗಳುತ್ತಾರೆ, ಅದು ಯಾರ ಬಾಯಿಯ ಸಿಹಿ ಎಂದು ಅಂದು ತಿಳಿಯಿತು.

"ಬೇಡ ಅಂತ ಹೇಳೋಕೆ ನಾಲಿಗೆ ಇಲ್ವೇನ್ರೀ?" ಎಂದೆ.

"ಹೆಂಗಸ್ರು ಪ್ರೀತಿಯಿಂದ ಕೊಡ್ತಾರೆ. ಬೇಡ ಅಂದ್ರೆ ನೀರುಗಂಟಿಗೆ ಅಹಂಕಾರ ಬಂತು ಅಂತಾರೆ," ಎಂದರು. ಬಾಯಿ ತುಂಬಿತ್ತು, ಮಾತು ಸ್ಪಷ್ಟವಾಗಿರಲಿಲ್ಲ.

ಮರುದಿನದಿಂದ ಬೀದಿ ಬೀದಿಗೆ ನಾನೇ ಮುಂದೆ ಹೋಗಿ ಕೈಮುಗಿದು ಹೇಳಿದೆ, ಇವರಿಗೆ ಏನೂ ಕೊಡಬೇಡಿ, ಎದೆ ಸರಿಯಿಲ್ಲ ಎಂದು. ಆ ಹೆಂಗಸರು ನನ್ನನ್ನು ಒಳಗೆ ಕರೆದು ಕೂರಿಸಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ನನಗೇ ಕೊಟ್ಟರು. ಮೂರು ಮನೆಯಲ್ಲಿ ತಿಂದೆ. ಬೇಡ ಅಂದರೆ ಏನೆಂದುಕೊಳ್ಳುತ್ತಾರೆ?

ಊರಿಗೆ ಸುದ್ದಿಯಾಯಿತು. ಗಂಡನ ಬಾಯಿಗೆ ಬೀಗ ಹಾಕಿದವಳು ಎಂಬ ಬಿರುದು ಬಂತು. ಅಂಬುಜಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, "ದುಡಿದು ಬರೋ ಗಂಡಸು ದಾಕ್ಷಾಯಿಣಿ, ಒಂದು ಚೂರಿಗೆ ಏನಾಗುತ್ತೆ? ಅಷ್ಟು ಕಲ್ಲು ಮನಸ್ಸು ಮಾಡ್ಬೇಡಮ್ಮ," ಎಂದರು. ಇಡೀ ಊರಿಗೆ ನನ್ನ ಗಂಡನ ಮೇಲೆ ಕರುಣೆ ಉಕ್ಕಿತು. ಮೊದಲು ತಟ್ಟೆಯಲ್ಲಿ ಕೊಡುತ್ತಿದ್ದವರು ಈಗ ಸೆರಗಿನ ಮರೆಯಲ್ಲಿ ಕೊಡತೊಡಗಿದರು. ಮೆಟ್ಟಿಲು ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಆ ಸಂಜೆ ಸಂಖ್ಯೆ ಹೇಳಿ ಅವರು ಗೋಡೆಗೊರಗಿ ಕಣ್ಣು ಮುಚ್ಚಿದರು. ತುಟಿ ನೀಲಿಯಾಗಿತ್ತು. ಆಗ ನಾನು ಬೈಯಲಿಲ್ಲ. "ನೀವು ಛತ್ರಕ್ಕೆ ಹೋದ್ರೆ ನಾನು ನೋಡೋಕೆ ಬರಲ್ಲ, ಹೇಳಿದೀನಿ. ಬಂದ್ರೆ ಏನಾದ್ರೂ ತರ್ತೀನಿ. ನನ್ನ ಕೈ ನನಗೆ ಗೊತ್ತು," ಎಂದೆ. ಮರುದಿನ ಹದಿನಾಲ್ಕು ಬೀದಿಯಲ್ಲೂ ಬೇಡ ಎಂದರಂತೆ. ಒಬ್ಬಳು ಅತ್ತೇಬಿಟ್ಟಳಂತೆ.

ಆಮೇಲೆ ಅವರು ಹಟ ಹಿಡಿದರು. ಹೇಮಾಳಿಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಹೇಮಾ ಕೂಡ ಹನ್ನೊಂದು ಮೆಟ್ಟಿಲು ಹತ್ತಿದಳು, ತೋಳಿನಲ್ಲಿದ್ದ ಮಗುವಿಗೆ ಒಂದೂ ಇರಲಿಲ್ಲ. ಹಾಲು ಬಿಟ್ಟು ಬೇರೇನೂ ಗೊತ್ತಿಲ್ಲದವರಿಗೆ ನಮ್ಮೂರಿನಲ್ಲಿ ಹೊಸ್ತಿಲು ನೆಲದ ಮಟ್ಟಕ್ಕೇ ಇರುತ್ತದೆ. ಅಜ್ಜನ ಮೆಟ್ಟಿಲು ತೊಂಬತ್ತೆಂಟಾಯಿತು, ತಿಂಗಳು ಕಳೆದು ತೊಂಬತ್ತೇಳು, ನಾಮಕರಣದ ಹಿಂದಿನ ಸಂಜೆ ತೊಂಬತ್ತಾರು. ಮೂರು ಮೆಟ್ಟಿಲು ಇಳಿಸಲು ಅವರು ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಕಾಫಿಗೆ ಸಕ್ಕರೆ ಹಾಕದೆ ಕುಡಿದು, ಲೋಟ ಕೆಳಗಿಟ್ಟು, ಯಾರೋ ಸತ್ತವರ ಮನೆಯಲ್ಲಿ ಕೂತ ಹಾಗೆ ಕೂರುತ್ತಿದ್ದರು. "ಮಗು ನಡೆಯೋ ಹೊತ್ತಿಗೆ ಐವತ್ತಕ್ಕೆ ತರ್ತೀನಿ, ನೋಡ್ತಿರು," ಎನ್ನುತ್ತಿದ್ದರು.

ನಮ್ಮಲ್ಲಿ ಮಗುವಿನ ಹೆಸರನ್ನು ಮೊದಲು ಅದರ ಕಿವಿಯಲ್ಲಿ ಹೇಳುವುದು ತಾಯಿಯ ತಂದೆ, ತನ್ನ ಮನೆಯೊಳಗೆ, ತೊಟ್ಟಿಲ ಪಕ್ಕ ನಿಂತು. ನಾಮಕರಣದ ದಿನ ಬೆಳಿಗ್ಗೆ ನಲವತ್ತು ಜನರಿಗೆ ನೀರು ಬೇಕಲ್ಲ, ನಮ್ಮ ಬೀದಿಯ ವಾಲ್ವನ್ನೂ ಅವರೇ ತಿರುಗಿಸಬೇಕು. "ಹೋಗ್ಬೇಡಿ, ಕೊಡದಲ್ಲಿ ತರಿಸ್ತೀನಿ," ಎಂದೆ. "ಊರಿಗೆಲ್ಲ ನೀರು ಬಿಟ್ಟವನ ಮನೇಲಿ ನೆಂಟರು ಕೈ ತೊಳೆಯೋಕೆ ಕೊಡದ ನೀರಾ?" ಎಂದು ಕೀಲಿ ಹೊತ್ತು ಹೊರಟರು. ನಾನು ಬೂಂದಿ ಲಾಡಿನ ಪಾಕದ ಮುಂದೆ ಇದ್ದೆ, ತಡೆಯಲು ಪುರುಸೊತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ನಲವತ್ತು ಜನ ಒಟ್ಟಿಗೆ ಗೋಡೆಯ ಕಡೆ ತಿರುಗಿದರು. ಬೀಗರು, ಬೀಗರ ಕಡೆಯವರು, ಡಾಕ್ಟರ್ ವೃಷಭೇಂದ್ರರು, ಅಂಬುಜಕ್ಕ, ಹದಿನಾಲ್ಕು ಬೀದಿಯ ಹೆಂಗಸರು. ಎಲ್ಲರ ಕೈಯಲ್ಲೂ ಲಾಡು ಇತ್ತು. ಗೋಡೆಗೆ ಮುಖ ಮಾಡಿ, ತಿನ್ನುತ್ತ, ಗೋಡೆಯ ಜೊತೆಗೇ ಮಾತಾಡುತ್ತ ನಿಂತರು. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಮಾತು ಕಡಿಮೆಯಾಯಿತು. ಮಗು ಅತ್ತು ಸುಮ್ಮನಾಯಿತು. "ಈ ಗೋಡೆಗೆ ಸುಣ್ಣ ಯಾವಾಗ ಹೊಡ್ಸಿದ್ದು?" ಎಂದು ಬೀಗರು ಕೇಳಿದರು. ಬಾಗಿಲ ಕಡೆಯಿಂದ ಬರುತ್ತಿದ್ದ ಕಾಲಿನ ಸದ್ದು ನಿಂತಿತ್ತು.

"ಅಮ್ಮಾ, ಅಪ್ಪ ಬರ್ತಿಲ್ಲ," ಎಂದಳು ಹೇಮಾ, ಗೋಡೆಗೆ.

ನಲವತ್ತು ಜನರಲ್ಲಿ ಒಬ್ಬರೂ ಕತ್ತು ತಿರುಗಿಸಲಿಲ್ಲ. ಮನುಷ್ಯ ಸತ್ತರೆ ಸಾಯಲಿ, ಮರ್ಯಾದೆ ಹೋಗಬಾರದು. ನಾನು ತಿರುಗಿದೆ.

ಹೊಸ್ತಿಲಿಂದ ಒಂದು ಮೊಳ ಆಚೆ ಕೂತಿದ್ದರು. ಮುಖಕ್ಕೆ ಬೂದಿ ಬಳಿದಂತಿತ್ತು, ಅಂಗಿ ಮೈಗೆ ಅಂಟಿತ್ತು. ನಾನು ಓಡಿಹೋಗಿ ಹೊಸ್ತಿಲ ಮೇಲೆ ಕೂತು ಅವರ ಕೈ ಹಿಡಿದೆ. ಕೈ ಸಿಗುತ್ತದೆ, ಎಳೆದರೆ ಮನುಷ್ಯ ಬರುವುದಿಲ್ಲ, ಅದೇ ನಮ್ಮೂರಿನ ಶಾಪ. "ಎಷ್ಟಾಯ್ತು?"

"ಎಂಬತ್ತೈದು." ಉಸಿರು ಎಳೆದುಕೊಂಡರು. "ಇನ್ನು ಹನ್ನೊಂದು. ಆಗಲ್ಲ ದಾಕ್ಷಿ. ಎದೆ ಕೇಳ್ತಿಲ್ಲ."

ಹಿಂದಿನಿಂದ ಡಾಕ್ಟರು ಗೋಡೆಯನ್ನು ನೋಡುತ್ತಲೇ, "ಬೀದಿಗಿಳಿದು ಇವತ್ತೊಂದು ರಾತ್ರಿ ಛತ್ರದಲ್ಲಿ ಮಲಗಲಿ ಅಮ್ಮ. ಮಗು ಹೆಸರು ನಾಳೆ ಇಟ್ರಾಯ್ತು," ಎಂದರು. ಹೌದು ಹೌದು, ನಾಳೆ ಇಟ್ಟರಾಯಿತು ಎಂದು ಗೋಡೆಯುದ್ದಕ್ಕೂ ಪಿಸುಮಾತು ಹರಿಯಿತು. ಯಾರೋ ಒಬ್ಬರು, ಛತ್ರಕ್ಕೆ ನಾನು ಹೋಳಿಗೆ ತರ್ತೀನಿ ಎಂದದ್ದೂ ಕೇಳಿಸಿತು.

"ತಿರುಗಿ ಎಲ್ಲರೂ!" ಎಂದು ಕೂಗಿದೆ. "ನನ್ನ ಗಂಡ ತೊಂಬತ್ತಾರು ಮೆಟ್ಲು ಹತ್ತಬೇಕು, ಎಂಬತ್ತೈದು ಹತ್ತಿ ಕೂತಿದಾರೆ. ನನಗೆ ಮೂವತ್ತೊಂದಿದೆ. ನಿಮಗೆಷ್ಟಿದೆ ಅಂತ ನಾನು ಕೇಳಲ್ಲ. ಆದ್ರೆ ಇವರದ್ದನ್ನ ಎಣಿಸಿ. ತಿನ್ಸೋಕೆ ಬಾಯಿ ಇತ್ತಲ್ಲ, ಎಣಿಸೋಕೂ ಇರಲಿ!"

ಒಬ್ಬೊಬ್ಬರೇ ತಿರುಗಿದರು. ಮೊದಲು ಹೇಮಾ, ಆಮೇಲೆ ಅಂಬುಜಕ್ಕ, ಆಮೇಲೆ ಉಳಿದವರು. ಹೇಮಾ ಮಗುವನ್ನು ತಂದು ಹೊಸ್ತಿಲ ಈಚೆ ಅಜ್ಜನಿಗೆ ಕಾಣುವಂತೆ ಹಿಡಿದು ನಿಂತಳು. ಪುಟ್ಟವೀರಯ್ಯನವರು ನಾಚಿಕೆಯಿಂದ ತಲೆ ತಗ್ಗಿಸಿದರು. ಆಮೇಲೆ ಮಗುವನ್ನು ನೋಡಿದರು. ಕೀಲಿ ಊರಿಕೊಂಡು ಎದ್ದರು. ಕಾಲೆತ್ತಿ ಇಟ್ಟರು.

"ಒಂದು," ಎಂದೆ. ನಾಲ್ಕೈದು ದನಿ ನನ್ನ ಜೊತೆ ಸೇರಿತು. ಎರಡಕ್ಕೆ ಹತ್ತು ದನಿ. ಮೂರಾದ ಮೇಲೆ ಅವರು ಕಣ್ಣು ಮುಚ್ಚಿ ನಿಂತರು, ನಾವೂ ಕಾದೆವು. ನಾಲ್ಕು. ಐದು. ಡಾಕ್ಟರು ಲಾಡು ಕೆಳಗಿಟ್ಟು ಬಾಗಿಲಿಗೆ ಬಂದು ಅವರ ನಾಡಿ ಹಿಡಿದುಕೊಂಡರು. ಆರಕ್ಕೆ ಕೂತರು. ಅಲ್ಲೇ ಇಳಿದುಬಿಡುತ್ತಾರೆ ಎಂದುಕೊಂಡೆ. "ಅಪ್ಪಾ, ಇನ್ನು ಐದೇ," ಎಂದಳು ಹೇಮಾ. ಎದ್ದರು. ಏಳಕ್ಕೆ ಇಡೀ ಮನೆ ಎಣಿಸಿತು. ಎಂಟು. ಒಂಬತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಈ ಮನೆಗೆ ಏನಾಯಿತು ಎಂದು. ಹತ್ತು. ಅಂಬುಜಕ್ಕ ಅಳುತ್ತ ಎಣಿಸುತ್ತಿದ್ದರು. "ಹನ್ನೊಂದು!" ಎಂದು ನಲವತ್ತು ಜನ ಕೂಗಿದರು, ಯಾರೋ ಚಪ್ಪಾಳೆ ತಟ್ಟಿದರು.

ಅವರು ಹೊಸ್ತಿಲಿಗೆ ಎಂದು ಕಾಲು ಮುಂದಿಟ್ಟರು. ಕಾಲು ತಡೆಯಿತು. ಮುಗ್ಗರಿಸಿ ಕೈ ಊರಿದರು. ಕೆಳಗೆ ನೋಡಿ, ನನ್ನನ್ನು ನೋಡಿದರು.

"ಇನ್ನೊಂದಿದೆ," ಎಂದರು.

"ಹೇಗಿರುತ್ತೆ? ನಿನ್ನೆ ಸಂಜೆ ತೊಂಬತ್ತಾರು!"

"ಹೊಸದು ಬಂದಿದೆ."

ನನ್ನ ಸಿಟ್ಟು ನೆತ್ತಿಗೇರಿತು. ತಿರುಗಿ ಇಡೀ ಮನೆಯನ್ನು ನೋಡಿದೆ. ಹದಿನಾಲ್ಕು ಬೀದಿಯ ಕರುಣಾಮಯಿಯರು ಅಲ್ಲೇ ಇದ್ದರು. "ಯಾರು ಕೊಟ್ಟಿದ್ದು?" ಎಂದು ಕೇಳಿದೆ. ಎಲ್ಲರೂ ನಾವಲ್ಲ ಎಂದು ತಲೆಯಾಡಿಸಿದರು. "ಇವತ್ತು ಬೆಳಿಗ್ಗೆ 'ಚೂರು' ಅಂತ ಇವರ ಬಾಯಿಗೆ ಹಾಕ್ದೋರು ಯಾರು, ಇಲ್ಲೇ ಹೇಳಿ! ಮೂರು ತಿಂಗಳು ಸಕ್ಕರೆ ಮುಟ್ಟದೆ ಕೂತ ಮನುಷ್ಯನ ಕಾಲಿಗೆ ಕಲ್ಲು ಕಟ್ದೋರು ಯಾರು? ಹೇಳ್ರೀ ನೀವಾದ್ರೂ, ಯಾವ ಬೀದಿ?"

ಪುಟ್ಟವೀರಯ್ಯನವರು ನನ್ನ ಮುಖ ನೋಡಲಿಲ್ಲ. ಹೇಳಲು ಅವರಿಗೆ ಸ್ವಲ್ಪವೂ ಮನಸ್ಸಿರಲಿಲ್ಲ, ಅದು ಕಾಣುತ್ತಿತ್ತು.

"ನೀನೇ ಕಣೇ," ಎಂದರು ಮೆಲ್ಲಗೆ. "ನಾನು ಹೊರಡೋವಾಗ. ಏಲಕ್ಕಿ ಸಾಕಾ ನೋಡಿ ಅಂತ."

ನೆನಪಾಯಿತು. ಬಾಣಲೆಯ ಮುಂದಿನಿಂದ ಏಳದೆಯೇ, ಬಿಸಿ ಉಂಡೆಯ ತುದಿ ಮುರಿದು, ಊದಿ, ಅವರ ಬಾಯಿಗೆ ಇಟ್ಟಿದ್ದೆ. ಏಲಕ್ಕಿ ಸಾಕು ಎಂದಿದ್ದರು. ಇನ್ನೊಂದು ಚೂರು ನೋಡಿ, ಸರಿಯಾಗಿ ಹೇಳಿ ಎಂದಿದ್ದೆ.

ಬೆನ್ನ ಹಿಂದೆ ಸೀರೆಗಳು ಸರಸರ ಎಂದವು. ನೋಡಿದರೆ ನಲವತ್ತು ಜನ, ನನ್ನ ಮಾನ ಉಳಿಸಲು, ಒಟ್ಟಿಗೆ ಗೋಡೆಯ ಕಡೆ ತಿರುಗಿಬಿಟ್ಟಿದ್ದರು.

ಅವರು ಕಾಲೆತ್ತಿದರು. ಹನ್ನೆರಡನೆಯದನ್ನು ನಾನೊಬ್ಬಳೇ ಎಣಿಸಿದೆ.